ಗೋಡೆಯಾಚೆಯ ಒನಕೆ

“ಹುಡುಗಿಗೆ ಮೂರ್ಛಿ ರೋಗ ಐತಂತ ಮಂದಿ ಅಂತಾರ. ಖರೇ ಏನ್ರಿ ಅಕ್ಕಾರ?” ಉಪ್ಪಿನಬೆಟಗೇರಿಯಿಂದ ಹೆಣ್ಣಿನ ವಿಚಾರಣೆಗೆ ಬಂದಿದ್ದ ಗಿರಿಯಪ್ಪ ಚಹಾದ ಬಸಿ ಕೆಳಗಿಟ್ಟ. “ನೆರಿಮನಿಯವರ ಮ್ಯಾಲೆ ಸುಳ್ಳ ಹೇಳಬಾರ್ದಂತ ನಿಮ್ಮ ಕ್ರೈಸ್ತರೊಳಗ ದೇವರ ಕಟ್ಟಪ್ಪಣಿ ಐತಂತಲ್ರಿ. ಅದಕ್ಕ ನಿಮ್ಮನ್ನ ಕೇಳಾಕ ಬಂದೇನಿ.”

ಮಾರ್ಥವ್ವ ಗೋಡೆಯತ್ತ ನೋಡಿದಳು. ಗಿರಣಿ ಚಾಳಿನ ಗೋಡೆಗಳು ಹಪ್ಪಳದಷ್ಟು ತೆಳು. ಆಚೆ ಮನೆಯಲ್ಲಿ ಹುಡುಗಿಯ ತಾಯಿ ಶೇವಂತೆವ್ವ ಖಾರ ಕುಟ್ಟುತ್ತಿದ್ದಳು. ಒನಕೆಯ ಒಂದೊಂದು ಪೆಟ್ಟಿಗೂ ಈಚೆ ಕಪಾಟಿನ ಗಾಜು ನಡುಗುತ್ತಿತ್ತು. ಮೂರು ವರ್ಷದ ಹಿಂದೆ ನಳದ ಸರದಿಗಾಗಿ ಇಬ್ಬರೂ ಜಗಳಾಡಿದ ದಿನವೇ ಒಬ್ಬ ವರನ ಕಡೆಯವರು ಇದೇ ನಂಬಿಕೆಯಿಂದ ಇದೇ ಚಾಪೆಯ ಮೇಲೆ ಬಂದು ಕುಳಿತಿದ್ದರು. ಸಿಟ್ಟಿನಲ್ಲಿ ಆಡಿದ ಒಂದೇ ಮಾತು ಊರೂರು ತಿರುಗಿ ಎರಡು ಸಂಬಂಧ ಮುರಿಯಿತು. ಜಗಳ ಎಂದೋ ಮರೆತುಹೋಗಿತ್ತು. ಎರಡು ಸಲವೂ ಶೇವಂತೆವ್ವ ಇವಳ ಹೆಗಲಿಗೇ ತಲೆಯಾನಿಸಿ ಅತ್ತಿದ್ದಳು, ಹಾಗೆಂದವರ ಬಾಯಿಗೆ ಹುಳ ಬೀಳಲೆಂದು ಶಪಿಸಿದ್ದಳು. ಮಾರ್ಥವ್ವ ಅವಳ ಬೆನ್ನು ಸವರಿದ್ದಳು. ಸವರಿ ಸವರಿ ಕೈ ಸೋತಿತ್ತು.

“ಹುಡುಗಿ ಬಂಗಾರದಂಥಾಕಿ. ಯಾವ ರೋಗಾನೂ ಇಲ್ರಿ.”

“ಬೆಂಕಿ ಇಲ್ದ ಹೊಗಿ ಆಡತೈತೇನ್ರಿ? ಹಂಗಾರ ಆ ಮಾತು ಹುಟ್ಟಿದ್ದೆಲ್ಲಿ?”

ಯಾರೋ ಆಗದವರು ಎಂದುಬಿಟ್ಟಿದ್ದರೆ ಸಾಕಿತ್ತು. ಆದರೆ ಇನ್ನೊಂದು ಸುಳ್ಳು ಹೊರುವ ತ್ರಾಣ ಮಾರ್ಥವ್ವನಲ್ಲಿ ಇರಲಿಲ್ಲ. ದನಿ ತಗ್ಗಿಸುವಷ್ಟೂ ಇರಲಿಲ್ಲ.

“ಈ ಬಾಯಾಗ ಹುಟ್ಟೇತ್ರಿ. ಸಿಟ್ಟಿಗೆದ್ದು ನಾನ ಹೇಳಿದ ಸುಳ್ಳದು.”

ಗೋಡೆಯಾಚೆ ಎತ್ತಿದ ಒನಕೆ ಕೆಳಗೆ ಬೀಳಲಿಲ್ಲ. ಕಪಾಟಿನ ಗಾಜು ನಡುಗುವುದು ನಿಂತಿತು.