ಹಳದಿ ವಾರ್ನಿಂಗ್

"ರೆಡಿ ಮಾಡಿ ತಂದದ್ದು ಬೇಡ. ಸೋರ್ಸ್ ಕೋಡ್‌ನಿಂದ ನನ್ನೆದುರೇ ಬಿಲ್ಡ್ ಮಾಡಿ," ಎಂದರು ಹೊರಗಿನಿಂದ ಬಂದಿದ್ದ ಪರೀಕ್ಷಕರು.

ತಿಪ್ಪೇಶ ಪ್ರಾಜೆಕ್ಟ್ ಜೊತೆಗಾರ ನವಾಜ್‌ನತ್ತ ಕೀಬೋರ್ಡ್ ಸರಿಸಿದ. ಯಾರೋ ಬರೆದು ಎಲ್ಲರಿಗೂ ಬಿಟ್ಟಿದ್ದ ಓಪನ್ ಸೋರ್ಸ್ ತಂತ್ರಾಂಶ ಅದು. ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಪ್ರಾಜೆಕ್ಟ್ ಆಗಿ ಇಳಿದು ಬಂದಿತ್ತು. ಇವರು ಬದಲಿಸಿದ್ದು ಬರೆದವರ ಹೆಸರುಗಳನ್ನು ಮಾತ್ರ. ಸಿಕ್ಕಿಬಿದ್ದರೆ ಇಬ್ಬರೂ ಫೇಲ್.

ಲ್ಯಾಬಿನ ಕಂಪ್ಯೂಟರಿನಲ್ಲಿ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಕಂಪೈಲರ್ ಕೂಡ ಇರಲಿಲ್ಲ. ನವಾಜ್ ಅದನ್ನು ಇನ್‌ಸ್ಟಾಲ್ ಮಾಡಿದ. ಬಿಲ್ಡ್ ಕೊಟ್ಟರೆ ಇನ್ನೊಂದು ಟೂಲ್ ಇಲ್ಲವೆಂದಿತು. ಅದನ್ನೂ ಹಾಕಿದರೆ ಮತ್ತೊಂದನ್ನು ಕೇಳಿತು.

"ನೀವೇ ಬರೆದದ್ದು ತಾನೆ? ಏನೇನು ಬೇಕು ಅಂತ ಗೊತ್ತಿಲ್ವಾ?"

"ಟೆನ್ಷನ್ ಸರ್," ಎಂದ ನವಾಜ್.

"ಮುಚ್ಕೊಂಡು ಟೈಪ್ ಮಾಡೋ," ಎಂದು ತಿಪ್ಪೇಶ ಪಿಸುಗುಟ್ಟಿದ.

ಕೊನೆಗೂ ಬಿಲ್ಡ್ ಓಡಿತು. ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಹಳದಿ ಬಣ್ಣದ ಒಂದು ವಾರ್ನಿಂಗ್ ಬಂತು. ಪರೀಕ್ಷಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಇದು ಯಾಕೆ ಬರುತ್ತೆ?"

ನವಾಜ್ ತಿಪ್ಪೇಶನ ಮುಖ ನೋಡಿದ.

"ಗೊತ್ತಿಲ್ಲ ಸರ್," ತಿಪ್ಪೇಶ ತಲೆ ತಗ್ಗಿಸಿದ. "ಹಾಸ್ಟೆಲ್ ಸೀನಿಯರ್ಸ್ ಕೊಟ್ಟಿದ್ದು."

ಪರೀಕ್ಷಕರು ಕನ್ನಡಕ ತೆಗೆದರು.

"ನಾನು ಆ ಹಾಸ್ಟೆಲ್‌ನಲ್ಲಿದ್ದಾಗ ಇದನ್ನೇ ನಮಗೆ ಕೊಟ್ಟ ಸೀನಿಯರ್‌ಗೂ ಗೊತ್ತಿರಲಿಲ್ಲ ಕಣ್ರಯ್ಯಾ."