ತಟ್ಟೆಇಡ್ಲಿ ಎಂಬ ಅಪರಿಚಿತ

ಚಿಕ್ಕರಂಗಯ್ಯನವರು ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವರು.

ಕಣ್ಣು ಮುಚ್ಚಿ ಕೂತವನನ್ನು ಕಂಡರೆ ಟಿಕೆಟ್ ತೆಗೆದುಕೊಂಡಿಲ್ಲ ಎಂಬ ಅನುಮಾನ... ಕಿಟಕಿಯಾಚೆ ನೋಡುವವನನ್ನು ಕಂಡರೆ ಇನ್ನೂ ಜಾಸ್ತಿ ಅನುಮಾನ.

ರಿಟೈರ್ ಆಗಿ ತುಮಕೂರಿನ ಮನೆ ಸೇರಿದ ಮೇಲೂ ಆ ಕಣ್ಣು ಮಾತ್ರ ರಿಟೈರ್ ಆಗಲಿಲ್ಲ. ಹಾಲಿನವನು ನಕ್ಕರೆ, ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುತ್ತಿದ್ದರು.

ಎಲ್ಲರಿಗಿಂತ ಹೆಚ್ಚಿನ ಅನುಮಾನ ಅಳಿಯ ನೂತನ್ ಮೇಲೆ. ಅವನದು ಕಾಲೇಜು ರಸ್ತೆಯಲ್ಲೊಂದು ವಿಡಿಯೋ ಗೇಮ್ ಸೆಂಟರ್. ಮಗಳು ಲಾವಣ್ಯ ಅವನನ್ನು ಮೆಚ್ಚಿ ಮದುವೆಯಾಗಿ ನಾಲ್ಕು ವರ್ಷವಾದರೂ ಮಾವ ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ.

"ಗುಂಡಿ ಒತ್ತಿ ಸಂಸಾರ ನಡೆಸೋನ್ನ ಹೆಂಗೆ ನಂಬೋದು?" ಎನ್ನುತ್ತಿದ್ದರು.

ಹೀಗಿರುವಾಗ ಅವರಿಗೆ ಸ್ಟ್ರೋಕ್ ಹೊಡೆದು ಎಡಗೈ ಬೆರಳುಗಳು ಬಿಗಿದು, ಕೈ ಅರ್ಧ ಸ್ವಾಧೀನ ತಪ್ಪಿತು. ಅದೇ ಹೊತ್ತಿಗೆ ಲಾವಣ್ಯ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು.

ಎರಡು ತಿಂಗಳಲ್ಲಿ ಮೊಮ್ಮಗು ಬರುತ್ತದೆ... ಅದನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳಬೇಕು. ಅವರಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಬೆರಳುಗಳಿಗೆ ದಿನವೂ ಕೆಲಸ ಕೊಡಿ ಎಂದರು ಫಿಸಿಯೋಥೆರಪಿಯವರು. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸರವಾಯಿತು. ಆಗ ಲಾವಣ್ಯ ಟಿವಿಗೊಂದು ಗೇಮ್ ಜೋಡಿಸಿ, ಗುಂಡಿಗಳಿರುವ ಕಂಟ್ರೋಲರನ್ನು ಅಪ್ಪನ ಕೈಗಿಟ್ಟಳು.

ಯಾರದೆಂದು ಕೇಳಿದ್ದಕ್ಕೆ ಗೆಳತಿಯ ತಮ್ಮನದು ಎಂದಳು. ಅದನ್ನೂ ಅವರು ಪೂರ್ತಿ ನಂಬಲಿಲ್ಲ.

ಆಟದಲ್ಲಿ ಅವರೊಬ್ಬ ಯೋಧ. ಬಲಗೈ ಬೆರಳಿಗೆ ಕತ್ತಿ, ಎಡಗೈ ಬೆರಳಿಗೆ ಗುರಾಣಿ. ಸತ್ತರೆ ಗಳಿಸಿದ್ದೆಲ್ಲ ಒಂದು ಗಂಟಾಗಿ ಅಲ್ಲೇ ಬಿದ್ದಿರುತ್ತದೆ... ಮತ್ತೆ ಹುಟ್ಟಿ, ಅಲ್ಲಿಯವರೆಗೂ ನಡೆದು ಹೋಗಿ ಎತ್ತಿಕೊಳ್ಳಬೇಕು.

ಇಂಟರ್ನೆಟ್ ಮೂಲಕ ಬೇರೆ ಕಡೆ ಕೂತು ಆಡುವವರೂ ಅದೇ ಆಟದೊಳಗೆ ಸಿಗುತ್ತಿದ್ದರು. ಮೊದಲ ದಿನವೇ ಅಂಥ ಒಬ್ಬ ಅಪರಿಚಿತ ಆಟಗಾರ ಎದುರಾದ. ಹೆಸರು ನೋಡಿದರೆ 'ತಟ್ಟೆಇಡ್ಲಿ'. ಪರದೆಯ ಮೇಲೆ ಬರೆದ: "ಹೊಸಬರು ಸೇತುವೆ ಹತ್ರದ ಕರಡಿ ತಂಟೆಗೆ ಹೋಗ್ಬೇಡಿ. ಮೊದ್ಲು ಹಳ್ಳಿ ಸುತ್ತಿ."

ಸ್ವಂತ ಹೆಸರು ಹೇಳದವನ ಮಾತನ್ನು ಯಾಕೆ ಕೇಳಬೇಕು? ಸೇತುವೆ ಹತ್ತಿರ ನಿಧಿಯಿರಬೇಕು, ಅದಕ್ಕೇ ಬೇಡ ಅನ್ನುತ್ತಿದ್ದಾನೆ... ಚಿಕ್ಕರಂಗಯ್ಯ ನೇರ ಸೇತುವೆಗೇ ಹೋದರು. ಕರಡಿ ಒಂದೇ ಏಟಿಗೆ ಮಲಗಿಸಿತು.

ಗಾಯಕ್ಕೆ ಹಚ್ಚುವ ಸೊಪ್ಪನ್ನು ಮಾರಬೇಡಿ ಎಂದ. ಎಲ್ಲವನ್ನೂ ಮಾರಿ, ಸತ್ತರು. ಶತ್ರು ಕೈ ಎತ್ತಿದ ಕೂಡಲೇ ಪಕ್ಕಕ್ಕೆ ಉರುಳಿ ಎಂದ. ಬೇಕೆಂದೇ ನಿಂತಲ್ಲೇ ನಿಂತು, ಮತ್ತೆ ಸತ್ತರು.

ಒಂದು ಮಾತನ್ನಂತೂ ಅವನು ದಿನವೂ ಬರೆಯುತ್ತಿದ್ದ. "ಗುರಾಣಿ ಯಾವಾಗ್ಲೂ ಎತ್ಕೊಂಡೇ ಇರ್ಬೇಡಿ. ದಮ್ಮು ತುಂಬ್ಕೊಳಲ್ಲ. ಆಗಾಗ ಇಳಿಸಿ."

ಇಳಿಸಿದರೆ ಹಿಂದಿನಿಂದ ಹೊಡೆಯೋಣ ಅಂತಲೋ... ಅವರು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದರು. ಯೋಧ ಏದುಸಿರು ಬಿಡುತ್ತ ಸೋತ.

ಇನ್ನೊಂದು ವಿಷಯ ಅವರ ಕಣ್ಣಿಗೆ ಬಿತ್ತು. ಪ್ರತಿಸಲ ಸತ್ತು ಮರಳಿದಾಗಲೂ ತಟ್ಟೆಇಡ್ಲಿ ಅವರ ಗಂಟಿನ ಪಕ್ಕದಲ್ಲೇ ಇರುತ್ತಿದ್ದ. ಅಲ್ಲಿಗೆ ಕಳ್ಳನ ಬುದ್ಧಿ ಗೊತ್ತಾಯಿತು ಎಂದುಕೊಂಡರು.

ಸರ್ವಿಸ್‌ನಲ್ಲಿದ್ದಾಗ ನಿಲ್ದಾಣದಿಂದ ದೂರ ಮರದ ಮರೆಯಲ್ಲಿ ನಿಂತು ಬಸ್ಸಿಗೆ ಕೈ ತೋರುತ್ತಿದ್ದವರಲ್ಲವೇ... ಈಗಲೂ ಹಾಗೇ ಹೊಂಚು ಹಾಕಿದರು. ಬೇಕೆಂದೇ ಸತ್ತು, ಗುಡ್ಡದ ಹಿಂದಿನ ದಾರಿಯಿಂದ ಸದ್ದಿಲ್ಲದೆ ಬಂದರು.

ನೋಡಿದರೆ... ತಟ್ಟೆಇಡ್ಲಿ ಗಂಟಿಗೆ ಬೆನ್ನು ಮಾಡಿ ನಿಂತಿದ್ದಾನೆ. ಸುತ್ತ ಐದಾರು ರಾಕ್ಷಸರು. ಏಟು ತಿನ್ನುತ್ತಿದ್ದಾನೆ, ಜಾಗ ಬಿಟ್ಟು ಕದಲುತ್ತಿಲ್ಲ.

ಅವನು ಗಂಟನ್ನು ಮುಟ್ಟಿಯೇ ಇರಲಿಲ್ಲ. ಇಷ್ಟು ದಿನವೂ ಕಾಯುತ್ತಿದ್ದ.

ಚಿಕ್ಕರಂಗಯ್ಯನವರಿಗೆ ನಾಚಿಕೆಯಾಯಿತು. ಅಂದು ಮೊದಲ ಸಲ ಅವನು ಹೇಳಿದಂತೆ ಗುರಾಣಿ ಇಳಿಸಿದರು... ದಮ್ಮು ತುಂಬಿತು... ಮತ್ತೆ ಎತ್ತಿದರು. ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಆಡುತ್ತ ಹೋದಂತೆ ಎಡಗೈ ಬೆರಳುಗಳು ದಿನದಿಂದ ದಿನಕ್ಕೆ ಸಡಿಲವಾದವು. ಕೊನೆಗೊಂದು ದಿನ ಕರಡಿಯೂ ಬಿತ್ತು.

ಯಾರಪ್ಪಾ ನೀನು ಎಂದು ಬರೆದು ಕೇಳಿದರು. ಉತ್ತರ ಬರಲಿಲ್ಲ. ಮರುದಿನ ಸಂಜೆ ಐದಕ್ಕೆ ಸರಿಯಾಗಿ ಮತ್ತೆ ಹಾಜರಾದ.

ಲಾಭವಿಲ್ಲದೆ ಯಾರಾದರೂ ಇಷ್ಟು ಮಾಡುತ್ತಾರೆಯೇ? ಹಳೆಯ ಅನುಮಾನ ಹೋಗಿ ಹೊಸದೊಂದು ಬಂದು ಕೂತಿತು.

ಒಂದು ಮಧ್ಯಾಹ್ನ ಲಾವಣ್ಯಳಿಗೆ ನೋವು ಶುರುವಾಗಿ, ತಾಯಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಮನೆಯಲ್ಲಿ ಒಬ್ಬರೇ ಉಳಿದ ಚಿಕ್ಕರಂಗಯ್ಯ ತಳಮಳ ತಾಳಲಾರದೆ ಐದು ಗಂಟೆಗೆ ಗೇಮ್ ಹಾಕಿದರು.

ತಟ್ಟೆಇಡ್ಲಿ ಬರಲಿಲ್ಲ. ನಲವತ್ತು ದಿನಗಳಲ್ಲಿ ಅದೇ ಮೊದಲು. ಇನ್ಸ್‌ಪೆಕ್ಟರ್ ಕಣ್ಣು ಕಿರಿದಾಯಿತು.

ಬೆಳಿಗ್ಗೆ ಹೆಣ್ಣು ಮಗುವಾಯಿತೆಂದು ಸುದ್ದಿ ಬಂತು. ಆಟೋ ಹಿಡಿದು ಹೋದರೆ, ನೂತನ್ ವಾರ್ಡಿನ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಾನೆ. ಮಾವನನ್ನು ಕಂಡು ಎಂದಿನಂತೆ ತಲೆ ತಗ್ಗಿಸಿ ದಾರಿ ಬಿಟ್ಟ.

ನಾಲ್ಕು ವರ್ಷಗಳಲ್ಲಿ ಮೊದಲ ಸಲ ಮಾವ ಅವನೊಂದಿಗೆ ಮಾತಾಡಿದರು. ಅದೂ ಚೆಕಿಂಗ್ ದನಿಯಲ್ಲೇ.

"ನಿನ್ನೆ ಸೇತುವೆ ಹತ್ರ ಯಾಕೆ ಬರ್ಲಿಲ್ಲ?"

"ಇಲ್ಲೇ ಇದ್ದೆ ಮಾವ, ಲಾವಣ್ಯಂಗೆ ನೋವು..." ಎಂದವನು ನಾಲಿಗೆ ಕಚ್ಚಿಕೊಂಡ.

ಚಿಕ್ಕರಂಗಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸಂಜೆ ಐದೆಂದರೆ ಕಾಲೇಜು ಬಿಟ್ಟು ಗೇಮ್ ಸೆಂಟರ್ ತುಂಬುವ ಹೊತ್ತು. ಆ ಹೊತ್ತಿನಲ್ಲೇ ಅವನು ದಿನವೂ ಅಂಗಡಿಯನ್ನು ಬೇರೆಯವರಿಗೆ ಬಿಟ್ಟು ಇವರ ಆಟಕ್ಕೆ ಬರುತ್ತಿದ್ದ.

"ನನ್ನ ಹೆಸ್ರು ಕೇಳಿದ್ರೆ ನೀವು ಆ ಕಂಟ್ರೋಲರ್ ಮುಟ್ತಾನೇ ಇರ್ಲಿಲ್ಲ ಮಾವ... ನಿಮ್ಮ ಕೈ ಸರಿಹೋದ್ರೆ ಸಾಕಿತ್ತು."

ಒಳಗಿನಿಂದ ನರ್ಸ್ ಮಗುವನ್ನು ತಂದು ಕೊಟ್ಟರು. ಚಿಕ್ಕರಂಗಯ್ಯ ಎರಡೂ ಕೈ ಚಾಚಿ ಎತ್ತಿಕೊಂಡರು. ಎಡಗೈ ಸ್ವಲ್ಪ ನಡುಗಿತು. ತಟ್ಟನೆ ಕೆಳಗೆ ಕೈ ಒಡ್ಡಿದ ನೂತನ್, ಮಾವನ ಮುಖ ನೋಡಿ ಹಿಂದೆಗೆದುಕೊಳ್ಳಲು ಹೋದ.

"ತೆಗೀಬೇಡಿ ಅಳಿಯಂದ್ರೆ... ಹಂಗೇ ಹಿಡ್ಕೊಂಡಿರಿ. ಗುರಾಣಿ ಇಳಿಸಿದೀನಿ" ಎಂದರು ಮಾವ. ಅವರ ಕಣ್ಣೀರು ಮಗುವಿನ ಬಟ್ಟೆಯ ಮೇಲೆ ಬೀಳುತ್ತಿತ್ತು.

.

*ಸದಾ ಎತ್ತಿ ಹಿಡಿದ ಗುರಾಣಿ ಏಟನ್ನಷ್ಟೇ ಅಲ್ಲ... ನಮ್ಮತ್ತ ಚಾಚಿದ ಕೈಯನ್ನೂ ತಡೆಯುತ್ತದೆ.*

ನಿಮ್ಮ ಗಂಟಿಗೆ ಬೆನ್ನು ಕೊಟ್ಟು ಕಾಯುತ್ತಿರುವ ಯಾರನ್ನು ನೀವು ಇಷ್ಟು ದಿನ ಕಳ್ಳನೆಂದುಕೊಂಡಿದ್ದೀರಿ?