ಸಪ್ಪಳದ ಮಷಿನ್

ಮಿನಿ ಟ್ರ್ಯಾಕ್ಟರಿಗೆ ಜೋಡಿಸಿ ಮರದ ಕೊಂಬೆ ಪುಡಿ ಮಾಡುವ ಮಷಿನ್ ಕೊಳ್ಳಲು ಫಕೀರವ್ವ ಬಂದಿದ್ದಳು. ಅಂಗಡಿಯ ಮೌನೇಶ ತನ್ನಲ್ಲಿದ್ದ ಮೂರು ಮಷಿನ್‌ಗಳನ್ನೂ ಒಂದೊಂದಾಗಿ ಓಡಿಸಿ ತೋರಿಸಿದ.

"ಇದು ಭಾಳ ಚಲೋ ಐತ್ರಿ. ಸಪ್ಪಳನ ಇಲ್ಲ."

"ಅದು ಬ್ಯಾಡ. ಎಲ್ಲಕ್ಕಿಂತ ಜೋರ್ ಒದರೋದು ಕೊಡ್ರಿ."

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಹೀಗೆ ಕೇಳಿದವರನ್ನು ಮೌನೇಶ ಕಂಡಿರಲಿಲ್ಲ.

"ಬಾಜೂ ತೋಟದವ್ರ ಜೋಡಿ ಜಗಳ ಏನ್ರಿ?"

"ಇಲ್ರಿ. ಚಲೋ ಮಂದಿ ಅದಾರ."

"ಮತ್ತ ಯಾಕವ್ವಾ ಇದು? ಕಿವಿ ಹೋಗ್ತಾವ್ರಿ."

"ನಮ್ಮ ಯಜಮಾನ್ರ ಕಿವಿ ಆಗಲೇ ಮಂದ ಅದಾವ. ಹ್ವಾದ ವರ್ಷ ಸಪ್ಪಳ ಕೇಳಸ್ಲಿಲ್ಲ, ಮಷಿನ್ ನಿಂತೈತಿ ಅಂದ್ಕೊಂಡು ಒಳಗ ಕೈ ಹಾಕಿದ್ರು."

ಫಕೀರವ್ವ ಚೀಲದಿಂದ ಹಣ ತೆಗೆದಳು.

"ಇನ್ನೊಂದು ಕೈ ಐತ್ರಿ."